ಓದುಗರ ಪ್ರಶ್ನೆಗಳು: ಎಲ್ಲಿ ಕೂರಬೇಕು, ಎಷ್ಟು ದೂರ ನಿಲ್ಲಬೇಕು?

ಪ್ರಶ್ನೆ: ನಾಟಕಕ್ಕೆ ಹೋಗುವಾಗಲೆಲ್ಲ ಹಠ ಹಿಡಿದು ಮೊದಲ ಸಾಲಿನ ಟಿಕೆಟ್ಟನ್ನೇ ತೆಗೆದುಕೊಳ್ಳುತ್ತೇನೆ. ಮುಗಿಯುವಷ್ಟರಲ್ಲಿ ಕತ್ತು ನೋಯುತ್ತದೆ. ರಂಗದ ಹಿಂಭಾಗದಲ್ಲಿ ಏನು ನಡೆಯಿತೆಂದು ಪಕ್ಕದವರನ್ನು ಕೇಳಬೇಕಾಗುತ್ತದೆ. ಹಾಗಾದರೆ ಒಳ್ಳೆಯ ಸೀಟು ಯಾವುದು?

ಉತ್ತರ: ಮೊದಲ ಸಾಲಿಗೆ ಅದರ ಯೋಗ್ಯತೆಗಿಂತ ಹೆಚ್ಚಿನ ಹೆಸರಿದೆ. ಸಾಮಾನ್ಯ ರಂಗಮಂದಿರಗಳಲ್ಲಿ ವೇದಿಕೆ ನೆಲದಿಂದ ಹೆಚ್ಚುಕಡಿಮೆ ಒಂದು ಮೀಟರ್ ಎತ್ತರಕ್ಕಿರುತ್ತದೆ. ಕುರ್ಚಿಯಲ್ಲಿ ಕೂತವರ ಕಣ್ಣು ಇರುವುದು 110ರಿಂದ 120 ಸೆಂ.ಮೀ. ಎತ್ತರದಲ್ಲಿ. ಅಂದರೆ ವೇದಿಕೆಯ ನೆಲ ನಿಮಗೆ ಬರೀ ಒಂದು ಅಂಚಾಗಿ ಕಾಣುತ್ತದೆ, ಅದರ ಆಳ ಕಾಣುವುದಿಲ್ಲ. ಇಬ್ಬರು ನಟರ ನಡುವೆ ಎರಡು ಮಾರು ಅಂತರವಿದೆಯೋ ನಾಲ್ಕು ಮಾರೋ ತಿಳಿಯದು. ಮುಂದೆ ನಿಂತವರು ಹಿಂದಿನವರನ್ನು ಮುಚ್ಚುತ್ತಾರೆ. ಯಾರು ಯಾರಿಂದ ದೂರ ಸರಿದರು, ಯಾರು ಯಾರಿಗೆ ಬೆನ್ನು ಹಾಕಿದರು ಎಂಬುದರಲ್ಲೇ ನಿರ್ದೇಶಕರ ಅರ್ಧ ಕೆಲಸ ಅಡಗಿರುತ್ತದೆ. ಮೊದಲ ಸಾಲಿನವರು ಕಳೆದುಕೊಳ್ಳುವುದು ಅದನ್ನೇ.

ಹಾಗೆಂದು ತೀರಾ ಹಿಂದೆ ಹೋದರೆ ಮುಖಭಾವ ಕೈಬಿಡುತ್ತದೆ. ಮಾತಿನ ನಾಟಕವಾದರೆ 20 ಮೀಟರ್ ಆಚೆಗೆ ಕಣ್ಣು, ಹುಬ್ಬಿನ ಚಲನೆ ಸರಿಯಾಗಿ ಕಾಣುವುದಿಲ್ಲ ಎಂಬುದು ರಂಗಮಂದಿರ ಕಟ್ಟುವವರು ಪಾಲಿಸುವ ಲೆಕ್ಕ. ಈ ಲೆಕ್ಕ ಹೊಸದೇನಲ್ಲ. ಭರತನ ನಾಟ್ಯಶಾಸ್ತ್ರ 64 ಹಸ್ತ ಉದ್ದ, 32 ಹಸ್ತ ಅಗಲದ ಮಧ್ಯಮ ಗಾತ್ರದ ನಾಟ್ಯಗೃಹವೇ ಮನುಷ್ಯರಿಗೆ ತಕ್ಕದ್ದು ಎನ್ನುತ್ತದೆ. ಅದಕ್ಕಿಂತ ದೊಡ್ಡದಾದರೆ ಮಾತು ಒಡೆಯುತ್ತದೆ, ಮುಖದ ಭಾವ ಕಾಣುವುದಿಲ್ಲ ಎಂಬ ಕಾರಣವನ್ನೂ ಕೊಡುತ್ತದೆ. ಆ ಉದ್ದದಲ್ಲಿ ಅರ್ಧ ರಂಗಕ್ಕೆ ಹೋದರೆ ಪ್ರೇಕ್ಷಕರಿಗೆ ಉಳಿಯುವುದು 32 ಹಸ್ತ. ಹಸ್ತಕ್ಕೆ ಸುಮಾರು 45 ಸೆಂ.ಮೀ. ಎಂದು ಹಿಡಿದರೆ ಹದಿನಾಲ್ಕೂವರೆ ಮೀಟರ್. ಇಂದಿನವರ ಲೆಕ್ಕದ ಒಳಗೇ ಬಂತು.

ಆದ್ದರಿಂದ ಮಾತೇ ಪ್ರಧಾನವಾದ ನಾಟಕಕ್ಕೆ ಐದರಿಂದ ಹತ್ತನೇ ಸಾಲಿನ ನಡುಭಾಗ ಹಿಡಿಯಿರಿ. ಸಾಲು ಹಿಂದೆ ಹೋದರೂ ಪರವಾಗಿಲ್ಲ, ನಡುವನ್ನು ಮಾತ್ರ ಬಿಡಬೇಡಿ. ಮುಂದಿನ ಸಾಲಿನ ತುದಿಯಲ್ಲಿ ಕೂತರೆ ಎದುರು ಬದಿಯ ವಿಂಗ್‌ನೊಳಗೆ, ಅಂದರೆ ವೇದಿಕೆಯ ಪಕ್ಕದ ಮರೆಯಲ್ಲಿ, ಕಾಯುತ್ತಿರುವ ನಟರು ಕಾಣುತ್ತಾರೆ, ನಿಮ್ಮ ಬದಿಯ ರಂಗಸಜ್ಜಿಕೆ ಕಾಣುವುದಿಲ್ಲ. ನೃತ್ಯಕ್ಕೆ ಪಾದವೂ ಕಾಣಬೇಕು, ಗುಂಪಿನ ವಿನ್ಯಾಸವೂ ಕಾಣಬೇಕು. ಅದಕ್ಕೆ ಬಾಲ್ಕನಿಯ ಮೊದಲ ಸಾಲಿಗಿಂತ ಒಳ್ಳೆಯ ಜಾಗವಿಲ್ಲ. ತಿಳಿಯದ ಭಾಷೆಯ ಪ್ರಯೋಗವಾಗಿ, ಅನುವಾದದ ಸಾಲುಗಳು ವೇದಿಕೆಯ ನೆತ್ತಿಯ ಮೇಲೆ ಮೂಡುವಂತಿದ್ದರೆ ಇನ್ನೂ ಹಿಂದೆ ಸರಿಯಿರಿ. ಹತ್ತಿರ ಕೂತರೆ ಕಣ್ಣು ಮೇಲಕ್ಕೂ ಕೆಳಕ್ಕೂ ಓಡಾಡುವುದರಲ್ಲೇ ಸಮಯ ಹೋಗುತ್ತದೆ.

ಇನ್ನು ಧ್ವನಿ. ಬಾಲ್ಕನಿಯ ಅಡಿಯಲ್ಲಿ ಸಿಕ್ಕಿಕೊಂಡ ಕೊನೆಯ ಮೂರ್ನಾಲ್ಕು ಸಾಲುಗಳಿಗೆ ಚಾವಣಿಯಿಂದ ಪ್ರತಿಫಲಿಸಿ ಬರುವ ಶಬ್ದ ತಲುಪುವುದೇ ಇಲ್ಲ. ಕೂತಲ್ಲಿಂದ ತಲೆಯೆತ್ತಿದರೆ ಸಭಾಂಗಣದ ಮುಖ್ಯ ಚಾವಣಿ ಕಾಣಬೇಕು. ಬಾಲ್ಕನಿಯ ಹೊಟ್ಟೆ ಕಂಡರೆ ಬೇರೆ ಸೀಟು ನೋಡಿ. ಮೈಕು, ಸ್ಪೀಕರ್ ಬಳಸುವ ಸಂಗೀತ ನಾಟಕವಾದರೆ ಧ್ವನಿ ನಿಯಂತ್ರಿಸುವವರ ಮೇಜು ಸಭಾಂಗಣದಲ್ಲೇ ಇರುತ್ತದೆ. ಅದರ ಮುಂದಿನ ಸೀಟುಗಳು ಅಗ್ಗವಾಗಿ ಸಿಕ್ಕರೆ ಬಿಡಬೇಡಿ: ಆ ಮೇಜಿನವರು ತಮ್ಮ ಕಿವಿಗೆ ಹಿತವಾಗುವಂತೆ ಧ್ವನಿ ಹೊಂದಿಸುತ್ತಾರೆ, ನಿಮಗೂ ಹೆಚ್ಚುಕಡಿಮೆ ಅದೇ ಕೇಳುತ್ತದೆ.

ಈ ನಿಯಮಗಳೆಲ್ಲ ಎದುರಿಗೊಂದೇ ಚೌಕಟ್ಟಿರುವ ರಂಗಕ್ಕೆ. ಜಪಾನಿನ ಸಾಂಪ್ರದಾಯಿಕ ರಂಗಪ್ರಕಾರವಾದ ಕಬುಕಿಯಲ್ಲಿ ಹನಮಿಚಿ ಎಂಬ ಎತ್ತರದ ಹಾದಿ ಪ್ರೇಕ್ಷಕರ ನಡುವೆ, ಅವರ ಎಡಗಡೆಯಿಂದ ಹಾದುಬರುತ್ತದೆ. ಮುಖ್ಯ ನಟ ಆ ಹಾದಿಯಲ್ಲಿ ವೇದಿಕೆಗೆ ಹತ್ತಿರದ ಒಂದೆಡೆ ನಿಂತು ಭಂಗಿ ಕೊಡುತ್ತಾನೆ. ಅಲ್ಲಿ ನಡುವಿನ ಸೀಟಿಗಿಂತ ಹಾದಿಯ ಪಕ್ಕದ ಸೀಟಿಗೇ ಬೆಲೆ. ಲಂಡನ್ನಿನಲ್ಲಿ 1997ರಲ್ಲಿ ಮತ್ತೆ ಕಟ್ಟಿದ, ಷೇಕ್ಸ್‌ಪಿಯರ್ ಕಾಲದ ಗ್ಲೋಬ್ ರಂಗಮಂದಿರದಲ್ಲಿ ವೇದಿಕೆಯ ಮೇಲೇ ಎರಡು ದಪ್ಪ ಕಂಬಗಳಿವೆ. ಗ್ಯಾಲರಿಯಲ್ಲಿ ಕೂತವರಿಗೆ ಕಂಬ ಅಡ್ಡ ಬಂದರೆ ಗತಿಯಿಲ್ಲ. ಅಂಗಳದಲ್ಲಿ ನಿಂತು ನೋಡುವ ಅಗ್ಗದ ಟಿಕೆಟ್ಟಿನವರು ಎರಡು ಹೆಜ್ಜೆ ಪಕ್ಕಕ್ಕೆ ಸರಿದರಾಯಿತು.

ಪ್ರಶ್ನೆ: ನಾಟಕದ ನಡುವೆ ಕೆಮ್ಮು ಬಂದರೆ ಏನು ಮಾಡುವುದು? ಪೆಪ್ಪರ್‌ಮಿಂಟಿನ ಹಾಳೆ ಬಿಚ್ಚಿದರೂ ಜನ ತಿರುಗಿ ನೋಡುತ್ತಾರೆ.

ಉತ್ತರ: ಹಾಳೆಯನ್ನು ಮೆಲ್ಲಗೆ ಬಿಚ್ಚಿದರೆ ಸದ್ದು ಕಡಿಮೆಯಾಗುತ್ತದೆ ಎಂಬುದು ತಪ್ಪು ಎಣಿಕೆ. ಪ್ಲಾಸ್ಟಿಕ್ ಹಾಳೆಯ ಒಂದೊಂದು ಮಡಿಕೆಯೂ ಒಮ್ಮೆಗೇ ಹಾರಿ ಬೇರೆ ಆಕಾರಕ್ಕೆ ಬರುವಾಗ ಚಟ್ ಎನ್ನುತ್ತದೆ. ನಿಧಾನಿಸಿದರೂ ಒಂದೊಂದು ಸದ್ದಿನ ಜೋರು ಅಷ್ಟೇ ಇರುತ್ತದೆ, ಕಾಟ ಮಾತ್ರ ಹೆಚ್ಚು ಹೊತ್ತು. ದೀಪ ಆರುವ ಮೊದಲೇ ಬಿಚ್ಚಿ ಕರವಸ್ತ್ರದಲ್ಲಿಟ್ಟುಕೊಳ್ಳಿ. ಕೆಮ್ಮು ಬಂದೇಬಿಟ್ಟರೆ ಮೊಣಕೈಯ ಮಡಿಕೆಗೆ ಬಾಯಿ ಒತ್ತಿ ಒಮ್ಮೆ ಬಲವಾಗಿ ಕೆಮ್ಮಿಬಿಡುವುದು ವಾಸಿ. ಅದುಮಿಟ್ಟು ಹತ್ತು ಸಲ ಗಂಟಲು ಕೆರೆದರೆ ಪಕ್ಕದವರಿಗೆ ಹೆಚ್ಚು ಹಿಂಸೆ. ಕೆಮ್ಮಿರುವ ದಿನ ಸಾಲಿನ ತುದಿಯ ಸೀಟು ಕೇಳಿ. ನಡುವಿನ ಸೀಟಿನ ನಿಯಮಕ್ಕೆ ಆ ದಿನ ರಜೆ.

ಪ್ರಶ್ನೆ: ದೊಡ್ಡ ಮ್ಯೂಸಿಯಂಗೆ ಹೋದರೆ ಒಂದು ಗಂಟೆಯಲ್ಲಿ ಸೊಂಟ, ತಲೆ ಎರಡೂ ಸೋಲುತ್ತವೆ. ದಿನವಿಡೀ ಬೆಟ್ಟ ಹತ್ತಿದರೂ ಇಷ್ಟು ದಣಿಯುವುದಿಲ್ಲ. ಚಿತ್ರದ ಮುಂದೆ ನಿಂತರೆ ಏನು ನೋಡಬೇಕೆಂದೂ ತೋಚುವುದಿಲ್ಲ.

ಉತ್ತರ: ಈ ದಣಿವಿಗೆ ನೂರು ವರ್ಷಕ್ಕೂ ಹಳೆಯ ದಾಖಲೆಯಿದೆ. ಬಾಸ್ಟನ್ನಿನ ಲಲಿತಕಲಾ ಮ್ಯೂಸಿಯಂನ ಬೆಂಜಮಿನ್ ಐವ್ಸ್ ಗಿಲ್ಮನ್ ಗಾಜಿನ ಪೆಟ್ಟಿಗೆಗಳಲ್ಲಿಟ್ಟ ವಸ್ತುಗಳನ್ನು ನೋಡಲು ಒಬ್ಬ ಮನುಷ್ಯ ಎಷ್ಟು ಬಗ್ಗಬೇಕು, ಕುಕ್ಕುರುಗಾಲಿನಲ್ಲಿ ಕೂರಬೇಕು, ಕತ್ತು ಚಾಚಬೇಕು ಎಂದು ಫೋಟೊ ತೆಗೆಸಿ 1916ರಲ್ಲಿ ಪ್ರಕಟಿಸಿದರು. ತಪ್ಪು ನೋಡುವವರ ಕಾಲಿನದಲ್ಲ, ವಸ್ತುಗಳನ್ನು ಜೋಡಿಸಿಟ್ಟ ರೀತಿಯದು ಎಂದು ತೋರಿಸಿದರು. ಬೆಟ್ಟ ಹತ್ತುವಾಗ ಕಾಲು ಸಲೀಸಾಗಿ ಆಡುತ್ತದೆ. ಮ್ಯೂಸಿಯಂನಲ್ಲಿ ಎರಡು ಹೆಜ್ಜೆ ನಡೆದು ನಿಲ್ಲುತ್ತೇವೆ, ಮತ್ತೆ ಎರಡು ಹೆಜ್ಜೆ. ನಿಂತೇ ಇರುವುದು ನಡೆಯುವುದಕ್ಕಿಂತ ದಣಿಸುತ್ತದೆ.

ಮಾಡಬೇಕಾದ್ದಿಷ್ಟು. ಚೀಲವನ್ನು ಬಾಗಿಲಲ್ಲೇ ಒಪ್ಪಿಸಿ. ಒಂದೂವರೆ ಗಂಟೆ ಎಂದು ಮೊದಲೇ ಮಿತಿ ಹಾಕಿಕೊಳ್ಳಿ. ಒಂದು ವಿಭಾಗವನ್ನಷ್ಟೇ ಆರಿಸಿ, ಮೊದಲ ಹತ್ತು ನಿಮಿಷ ಎಲ್ಲೂ ನಿಲ್ಲದೆ ಅದರ ಕೋಣೆಗಳನ್ನೆಲ್ಲ ಸುತ್ತಿ ಬನ್ನಿ. ಆಗ ಕಣ್ಣು ಸೆಳೆದ ಆರೇಳನ್ನು ನೆನಪಿಟ್ಟುಕೊಂಡು ಅವಕ್ಕೆ ಮಾತ್ರ ಹಿಂದಿರುಗಿ. ಪ್ರವೇಶದ ಪಕ್ಕದ ಕೋಣೆಯಲ್ಲಿ ಎಲ್ಲ ಫಲಕಗಳನ್ನೂ ಓದುತ್ತಾ ನಿಂತವರಿಗೆ ಕೊನೆಯ ಕೋಣೆಗೆ ಬರುವಾಗ ಶಕ್ತಿ ಉಳಿದಿರುವುದಿಲ್ಲ, ಒಳ್ಳೆಯದೆಲ್ಲ ಕೆಲವೊಮ್ಮೆ ಅಲ್ಲಿರುತ್ತದೆ. ಬೆಂಚು ಕಂಡಲ್ಲಿ ಕೂರಿ. ಜಲವರ್ಣ, ಮುದ್ರಣ, ಹಳೆಯ ಬಟ್ಟೆಗಳ ಕೋಣೆ ಮಬ್ಬಾಗಿದ್ದರೆ ಅದು ಜಿಪುಣತನವಲ್ಲ. ಬಣ್ಣ ಮಾಸದಿರಲಿ ಎಂದು ಅಲ್ಲಿ ಬೆಳಕನ್ನು 50 ಲಕ್ಸ್‌ನ ಆಸುಪಾಸಿಗೆ ಇಳಿಸಿರುತ್ತಾರೆ. ತೈಲವರ್ಣದ ಕೋಣೆಗಳಲ್ಲಿ ಅದರ ಮೂರು ನಾಲ್ಕು ಪಟ್ಟು ಇರಬಹುದು. ಬಿಸಿಲಿನಿಂದ ನೇರ ಅಲ್ಲಿಗೆ ನುಗ್ಗಿದರೆ ಏನೂ ಕಾಣದು. ಐದಾರು ನಿಮಿಷ ಕಣ್ಣು ಹೊಂದಿಕೊಳ್ಳಲಿ, ಆ ಹೊತ್ತಿನಲ್ಲಿ ಫೋನ್ ತೆರೆದರೆ ಮತ್ತೆ ಮೊದಲಿನಿಂದ ಶುರು.

ಇನ್ನು ಏನು ನೋಡಬೇಕೆಂಬುದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಜನ ಒಂದು ಹೆಸರಾಂತ ಚಿತ್ರದ ಮುಂದೆ ಕಳೆದದ್ದು ಸರಾಸರಿ 27 ಸೆಕೆಂಡ್. ಫಲಕ ಓದಿದ ಸಮಯವೂ ಅದರಲ್ಲೇ ಸೇರಿತ್ತು. ಅಷ್ಟರಲ್ಲಿ ಯಾರಿಗೂ ಏನೂ ತೋಚುವುದಿಲ್ಲ. ನೀವು ಮೊದಲು ಚಿತ್ರದ ಕರ್ಣದ (ಮೂಲೆಯಿಂದ ಎದುರು ಮೂಲೆಗಿನ ಅಳತೆಯ) ಒಂದೂವರೆಯಿಂದ ಎರಡು ಪಟ್ಟು ದೂರದಲ್ಲಿ ನಿಲ್ಲಿ. ಚೌಕಟ್ಟಿನ ನಾಲ್ಕೂ ಮೂಲೆ ಕತ್ತು ತಿರುಗಿಸದೆ ಕಾಣಬೇಕು. ಬೆಳಕು ಯಾವ ಕಡೆಯಿಂದ ಬರುತ್ತಿದೆ, ಚಿತ್ರಕಾರನ ಕಣ್ಣು ಯಾವ ಎತ್ತರದಲ್ಲಿತ್ತು, ಅಂಚಿನಲ್ಲಿ ಏನನ್ನು ಕತ್ತರಿಸಿದ್ದಾನೆ ಎಂಬ ಮೂರು ಪ್ರಶ್ನೆ ಕೇಳಿಕೊಳ್ಳಿ. ಆಮೇಲೆ ಸಿಬ್ಬಂದಿ ಬಿಡುವಷ್ಟು ಹತ್ತಿರ ಹೋಗಿ ಕುಂಚದ ಗುರುತು ನೋಡಿ. ಮತ್ತೆ ಹಿಂದೆ ಬನ್ನಿ. ಫಲಕ ಓದುವುದು ಕೊನೆಗೆ. ಗಾಜಿನ ಹೊಳಪು ಅಡ್ಡ ಬಂದರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ.

ಇದನ್ನು ಪಳಗಿಸಿಕೊಳ್ಳಲು ನಗರದ ಚಿತ್ರಗಳೇ ಸುಲಭ, ಏಕೆಂದರೆ ವಿಷಯ ಗೊತ್ತಿರುವುದೇ. ಷಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್ ಒಂದರಲ್ಲೇ ಇಂಥ ಮೂರು ಇವೆ. ಗುಸ್ತಾವ್ ಕಾಯ್‌ಬೋತ್ 1877ರಲ್ಲಿ ಬರೆದ ಪ್ಯಾರಿಸ್ಸಿನ ಮಳೆಗಾಲದ ಬೀದಿಯಲ್ಲಿ ಒಂದು ಹನಿಯನ್ನೂ ಬಿಡಿಸಿಲ್ಲ. ಒದ್ದೆ ಕಲ್ಲುಹಾಸಿನ ಹೊಳಪು, ಬಿಚ್ಚಿದ ಕೊಡೆಗಳು ಸಾಕಾಗಿವೆ. ಬಲ ಅಂಚಿನಲ್ಲಿ ಒಬ್ಬನ ಮೈಯನ್ನು ಚೌಕಟ್ಟು ಕತ್ತರಿಸಿದೆ. ಎಡ್ವರ್ಡ್ ಹಾಪರ್ 1942ರಲ್ಲಿ ಬರೆದ ರಾತ್ರಿಯ ಉಪಾಹಾರ ಗೃಹಕ್ಕೆ ಬೀದಿಯಿಂದ ಒಳಹೋಗುವ ಬಾಗಿಲು ಎಲ್ಲಿದೆ ಎಂದು ಹುಡುಕಿ, ಸಿಗುವುದಿಲ್ಲ. ಚಿತ್ರದ ಒಂಟಿತನಕ್ಕೆ ಮುಖಗಳಿಗಿಂತ ಆ ಇಲ್ಲದ ಬಾಗಿಲೇ ಕಾರಣ ಎನ್ನುವುದು ನಮ್ಮ ಅಭಿಪ್ರಾಯ. ಜಾರ್ಜ್ ಸೂರಾ 1884ರಿಂದ 86ರವರೆಗೆ ಬರೆದ ನದೀತೀರದ ಭಾನುವಾರ ಎರಡು ಮೀಟರ್ ಎತ್ತರ, ಮೂರು ಮೀಟರ್ ಅಗಲ. ಹತ್ತಿರದಿಂದ ಬರೀ ಚುಕ್ಕಿ, ಆರೇಳು ಮೀಟರ್ ಹಿಂದೆ ಬಂದರೆ ಬಿಸಿಲು. ಬಲಗಡೆಯ ಹೆಂಗಸು ಹಗ್ಗ ಕಟ್ಟಿ ಹಿಡಿದಿರುವುದು ಕೋತಿಯನ್ನು ಎಂಬುದು ಅರ್ಧ ನಿಮಿಷದಲ್ಲಿ ಹೊರಟವರ ಕಣ್ಣಿಗೆ ಬೀಳುವುದೇ ಇಲ್ಲ.

ಪ್ರಶ್ನೆ: ನಾಟಕ, ಮ್ಯೂಸಿಯಂ ತಿಂಗಳಿಗೊಮ್ಮೆಯ ಮಾತು. ದಿನವೂ ರೈಲಿಗೆ ಕಾಯುವ ಇಪ್ಪತ್ತು ನಿಮಿಷ ಮಾತ್ರ ನನ್ನದು. ಚಿತ್ರ ಬಿಡಿಸಲು ಬಾರದವರೂ ಆ ಹೊತ್ತಿನಲ್ಲಿ ಊರನ್ನು ನೋಡಿ ಸುಖಿಸಬಹುದೇ?

ಉತ್ತರ: ಸುಮ್ಮನೆ ನೋಡುತ್ತೇನೆಂದು ಕೂತರೆ ಐದನೇ ನಿಮಿಷಕ್ಕೆ ಕೈ ಫೋನಿಗೆ ಹೋಗುತ್ತದೆ. ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಬೇಕು. ವಿಲಿಯಂ ವೈಟ್ ಎಂಬ ಅಮೆರಿಕದ ನಗರ ಅಧ್ಯಯನಕಾರರು 1970ರ ದಶಕದಲ್ಲಿ ನ್ಯೂಯಾರ್ಕಿನ ಚೌಕಗಳನ್ನೂ ಬೀದಿಗಳನ್ನೂ ಕ್ಯಾಮೆರಾ ಇಟ್ಟು ಚಿತ್ರೀಕರಿಸಿದರು. ದಾರಿಯಲ್ಲಿ ಎದುರಾದ ಪರಿಚಿತರು ಮಾತಿಗೆ ನಿಂತರೆ ಪಕ್ಕಕ್ಕೆ ಸರಿಯುವುದಿಲ್ಲ, ಜನ ಹರಿಯುವ ನಟ್ಟನಡುವೆಯೇ ನಿಲ್ಲುತ್ತಾರೆ. ಸರಿಸಬಹುದಾದ ಕುರ್ಚಿ ಸಿಕ್ಕರೆ ಕೂರುವ ಮೊದಲು ಅದನ್ನು ಒಂದೆರಡು ಅಂಗುಲವಾದರೂ ಸರಿಸುತ್ತಾರೆ, ಅಗತ್ಯವಿಲ್ಲದಿದ್ದರೂ ಎಂದು ಕಂಡುಕೊಂಡರು. ಇವನ್ನು ನಿಮ್ಮ ನಿಲ್ದಾಣದಲ್ಲಿ ನೀವೇ ಪರೀಕ್ಷಿಸಬಹುದು. ಬೆನ್ನಿಗೆ ಗೋಡೆಯೋ ಕಂಬವೋ ಇರುವ, ಎರಡು ದಾರಿ ಕೂಡುವ ಮೂಲೆ ಹಿಡಿಯಿರಿ. ಇವತ್ತು ವಿದಾಯ ಹೇಳುವವರನ್ನಷ್ಟೇ ನೋಡಿ: ಎಷ್ಟು ಸಲ ಹೊರಟು ಮತ್ತೆ ನಿಲ್ಲುತ್ತಾರೆ? ನಾಳೆ ಕೊಡೆ ಹಿಡಿದವರನ್ನು.

ಚಿತ್ರ ಬಾರದಿದ್ದರೂ ಬಿಡಿಸಿ, ಕಣ್ಣು ನಿಲ್ಲುವುದು ಆಗಲೇ. ಅಂಗೈಯಗಲದ ಪುಸ್ತಕ, ಒಂದು ಪೆನ್ನು, ಒಬ್ಬರಿಗೆ ಎರಡು ನಿಮಿಷ. ರಬ್ಬರ್ ಬೇಡ. ಹೊಸಬರ ಚಿತ್ರ ಕೆಡುವುದು ಮುಖ್ಯವಾಗಿ ಒಂದು ಕಾರಣಕ್ಕೆ: ದೂರದವರನ್ನು ಚಿಕ್ಕದಾಗಿ ಬಿಡಿಸುವಾಗ ಅವರ ತಲೆಯನ್ನೂ ಕೆಳಕ್ಕಿಳಿಸುತ್ತಾರೆ. ಸಮತಟ್ಟಾದ ನೆಲದ ಮೇಲೆ ನೀವೂ ನಿಂತು ನೋಡುತ್ತಿದ್ದರೆ, ನಿಮ್ಮಷ್ಟೇ ಎತ್ತರದವರೆಲ್ಲರ ಕಣ್ಣು, ಹತ್ತಿರದವರದಾಗಲಿ ದೂರದವರದಾಗಲಿ, ಒಂದೇ ಅಡ್ಡಗೆರೆಯ ಮೇಲೆ ಬರುತ್ತದೆ. ಬದಲಾಗುವುದು ಪಾದದ ಮಟ್ಟ ಮಾತ್ರ. ಮೊದಲು ಆ ಗೆರೆ ಎಳೆದು ತಲೆಗಳನ್ನು ಅದಕ್ಕೆ ತೂಗುಹಾಕಿ. ಕೂತು ಬಿಡಿಸುವುದಾದರೆ ಅದೇ ಗೆರೆ ಎಲ್ಲರ ಎದೆಯ ಹತ್ತಿರ ಹಾಯುತ್ತದೆ. ನಿಂತವರು ಬೀಳುವಂತೆ ಕಂಡರೆ ಭಾರ ಹೊತ್ತ ಕಾಲು ತಪ್ಪಿದೆ ಎಂದರ್ಥ. ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನಿಂತವರ ಕುತ್ತಿಗೆಯ ಗುಳಿಯಿಂದ ನೇರ ಕೆಳಗೆ ಗೆರೆ ಬಿಟ್ಟರೆ ಆ ಕಾಲಿನ ಪಾದದ ಗಂಟಿಗೇ ಬರಬೇಕು. ಗುರುತು ಹತ್ತುವಂತೆ ಮುಖ ಬಿಡಿಸಬೇಡಿ. ಯಾರಾದರೂ ಮುಜುಗರಪಟ್ಟರೆ ಪುಸ್ತಕ ಮುಚ್ಚಿ.

ಪ್ರಶ್ನೆ: ಸಂಜೆ ದೀಪ ಹತ್ತಿದ ಬೀದಿಯ ಫೋಟೊ ತೆಗೆದರೆ ಆಕಾಶ ಕಪ್ಪಗೆ, ಕಿಟಕಿಗಳು ಬೆಳ್ಳಗೆ ಬರುತ್ತವೆ. ಫೋನ್ ಕೆಟ್ಟದ್ದೇ?

ಉತ್ತರ: ಫೋನ್ ಸರಿಯಿದೆ, ಹೊತ್ತು ಮೀರಿದೆ. ಸೂರ್ಯ ದಿಗಂತದಿಂದ 6 ಡಿಗ್ರಿ ಕೆಳಗಿಳಿಯುವವರೆಗೆ ಆಕಾಶದಲ್ಲಿ ಬೆಳಕು ಸಾಕಷ್ಟಿರುತ್ತದೆ. ಆ ಅವಧಿಯ ಕೊನೆಯ ಭಾಗದಲ್ಲಿ ಆಕಾಶದ ನೀಲಿಯೂ ಕಿಟಕಿಯ ಹಳದಿಯೂ ಸಮಸಮ ಬರುತ್ತವೆ. ಭೂಮಧ್ಯರೇಖೆಯ ಹತ್ತಿರ ಸೂರ್ಯ ಹೆಚ್ಚುಕಡಿಮೆ ನೇರ ಇಳಿಯುವುದರಿಂದ ಈ ಅವಧಿ 20–25 ನಿಮಿಷ ಮಾತ್ರ. ಲಂಡನ್ನಿನಂಥ ಉತ್ತರದ ಊರಲ್ಲಿ ಜೂನ್ ತಿಂಗಳಲ್ಲಿ ಮುಕ್ಕಾಲು ಗಂಟೆ ದಾಟುತ್ತದೆ. ಸೂರ್ಯಾಸ್ತದ ಸಮಯ ನೋಡಿಕೊಂಡು, ಅದಾದ ಕಾಲು ಗಂಟೆಗೆ ಜಾಗ ಹಿಡಿದು ನಿಂತಿರಿ. ಪರದೆಯ ಮೇಲೆ ಬೆಳಗುತ್ತಿರುವ ಕಿಟಕಿಯನ್ನು ಒತ್ತಿ ಬೆಳಕಿನ ಪ್ರಮಾಣವನ್ನು ಸ್ವಲ್ಪ ಇಳಿಸಿ, ಮೊಣಕೈಯನ್ನು ಕಂಬಕ್ಕೋ ಗೋಡೆಗೋ ಆನಿಸಿಕೊಳ್ಳಿ. ಕಿಟಕಿಯ ಗಾಜಿನೊಳಗಿಂದ ತೆಗೆಯುವುದಾದರೆ ಮೊದಲು ಕೋಣೆಯ ದೀಪ ಆರಿಸಿ, ಲೆನ್ಸನ್ನು ಗಾಜಿಗೆ ತಾಗಿಸಿ ಹಿಡಿಯಿರಿ. ಇಲ್ಲವಾದರೆ ಬೀದಿಯ ಬದಲು ಫೋಟೊದಲ್ಲಿ ನೀವೇ ಬರುತ್ತೀರಿ.