ಮಂಡ್ಯ, ಮೈಸೂರು ಕಡೆಯವರು ಸರ್ಕಾರದ ಪರಿಸರ ತಪಾಸಣೆ ಕೆಲಸಕ್ಕೆ ಸೇರುವುದು ಹೇಗೆ?

ನೇರ ದಾರಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಎಂಜಿನಿಯರಿಂಗ್ ಓದಿದವರು ಸಹಾಯಕ ಪರಿಸರ ಅಧಿಕಾರಿ ಹುದ್ದೆಯನ್ನು, ವಿಜ್ಞಾನ ಓದಿದವರು ವೈಜ್ಞಾನಿಕ ಸಹಾಯಕ ಹುದ್ದೆಯನ್ನು ಗಮನಿಸುತ್ತಿರಿ. ನಿಮ್ಮ ವಿಷಯ ನಡೆಯುತ್ತದೆಯೇ ಎಂಬುದನ್ನು ಮಾತ್ರ ಅಧಿಸೂಚನೆ ನೋಡಿಯೇ ಖಚಿತಪಡಿಸಿಕೊಳ್ಳಿ. ಮಾನಸಗಂಗೋತ್ರಿಯಲ್ಲಿ ಪರಿಸರ ವಿಜ್ಞಾನದ ಎಂಎಸ್ಸಿ ಇದೆ.

ತಯಾರಿಯಲ್ಲಿ 1974ರ ಜಲ ಕಾಯ್ದೆಯ 21ನೇ ಕಲಮನ್ನು, ಅಂದರೆ ಕೊಳೆ ನೀರಿನ ಮಾದರಿ ತೆಗೆಯುವ ಕ್ರಮವನ್ನು, ಚೆನ್ನಾಗಿ ಓದಿ. ಈ ಕೆಲಸದ ಜೀವ ಅಲ್ಲಿದೆ. ಸಕ್ಕರೆ ಕಾರ್ಖಾನೆಯ ಕೊಳವೆಗೆ ಬಾಟಲಿ ಹಿಡಿದರೆ ಸಾಲದು. ವಿಶ್ಲೇಷಣೆಗೆ ಕಳಿಸುತ್ತೇವೆಂದು ಅಲ್ಲೇ ನೋಟಿಸ್ ಕೊಟ್ಟು, ಕಾರ್ಖಾನೆಯವರ ಎದುರೇ ಮಾದರಿಯನ್ನು ಎರಡು ಪಾಲು ಮಾಡಿ, ಎರಡಕ್ಕೂ ಸೀಲ್ ಹಾಕಿ, ಇಬ್ಬರೂ ಸಹಿ ಮಾಡಬೇಕು. ಅವರು ಬೇಕೆಂದೇ ತಪ್ಪಿಸಿಕೊಂಡರೆ ಅಧಿಕಾರಿಯ ಸಹಿ ಸಾಕು, ಆದರೆ ಆ ಗೈರುಹಾಜರಿಯನ್ನು ವಿಶ್ಲೇಷಕರಿಗೆ ಬರೆದು ತಿಳಿಸಬೇಕು. ಈ ಕ್ರಮ ತಪ್ಪಿದರೆ ವರದಿ ಕೋರ್ಟಿನಲ್ಲಿ ಸಾಕ್ಷ್ಯವಾಗಿ ನಿಲ್ಲುವುದಿಲ್ಲ, ನೀರು ಎಷ್ಟೇ ಕೊಳೆಯಾಗಿರಲಿ.

ಇನ್ನೊಂದು ಮಾತು: ಬಾಟಲಿಯನ್ನು ಐಸ್ ಪೆಟ್ಟಿಗೆಯಲ್ಲೇ ಒಯ್ಯಬೇಕು. ಬೆಚ್ಚಗಾದರೆ ಸೂಕ್ಷ್ಮಜೀವಿಗಳು ದಾರಿಯಲ್ಲೇ ಕೊಳೆಯನ್ನು ತಿಂದುಬಿಡುತ್ತವೆ; ಬಿಒಡಿ, ಅಂದರೆ ಕೊಳೆ ಕರಗಿಸಲು ಅವುಗಳಿಗೆ ಬೇಕಾಗುವ ಆಮ್ಲಜನಕ, ಇರುವುದಕ್ಕಿಂತ ಕಡಿಮೆ ಬರುತ್ತದೆ.