ಮಳೆಗೆ ಜರ್ಕಿನ್ ಕೊಳ್ಳುವ ಮುಂಚೆ ಬೆವರಿನ ಲೆಕ್ಕ ನೋಡಿ

ಪ್ರಶ್ನೆ: ನಾನು ತುಮಕೂರಿನಲ್ಲಿ ಉಪನ್ಯಾಸಕ. ನಾವು ನಾಲ್ಕೈದು ಸ್ನೇಹಿತರು ಭಾನುವಾರ ಬಂತೆಂದರೆ ದೇವರಾಯನದುರ್ಗ, ಸಿದ್ಧರಬೆಟ್ಟ, ಮಧುಗಿರಿ ಅಂತ ಹೊರಡುತ್ತೇವೆ. ಈ ಸಲ ಜುಲೈನಲ್ಲಿ ಕುದುರೆಮುಖ ಹತ್ತುವ ಆಸೆ ಇದೆ. ಇಷ್ಟು ದಿನ ಬೈಕಿನಲ್ಲಿಟ್ಟ ರೈನ್‌ಕೋಟನ್ನೇ ಹಾಕುತ್ತಿದ್ದೆ. ಒಂದು ಹನಿ ಮಳೆಯೂ ಒಳಗೆ ಬರುವುದಿಲ್ಲ. ಆದರೆ ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಬೆವರಿಗೇ ಅಂಗಿ ತೊಯ್ದು ತೊಪ್ಪೆಯಾಗಿರುತ್ತದೆ. ಅಂಗಡಿಯಲ್ಲಿ ‘ಉಸಿರಾಡುವ’ ಜರ್ಕಿನ್ ತೋರಿಸುತ್ತಾರೆ. ಒಂದರ ಚೀಟಿಯಲ್ಲಿ 10,000 ಅಂತಿದೆ, ಇನ್ನೊಂದರಲ್ಲಿ 20,000. ಬೆಲೆಯಲ್ಲಿ ಅಜಗಜಾಂತರ. ಹಗುರವಾಗಿರಬೇಕು. ಯಾವುದು ತಗೊಳ್ಳಲಿ?

ಉತ್ತರ: ಮಳೆ ಒಳಗೆ ಬರಲಿಲ್ಲ, ಬೆವರು ಹೊರಗೆ ಹೋಗಲಿಲ್ಲ. ನಿಮ್ಮ ತೊಂದರೆ ಪೂರ್ತಿ ಇಷ್ಟೇ. ಮಳೆ ತಡೆಯುವ ಬಟ್ಟೆ ಇವತ್ತು ಎಲ್ಲ ಬೆಲೆಗೂ ಸಿಗುತ್ತದೆ. ಬೆವರು ಬಿಡುವ ಬಟ್ಟೆ ಕಷ್ಟ.

ಬೈಕಿನ ರೈನ್‌ಕೋಟ್ ಪಿವಿಸಿ ಲೇಪನದ ಬಟ್ಟೆ. ಅದರಲ್ಲಿ ನೀರೂ ದಾಟುವುದಿಲ್ಲ, ಆವಿಯೂ ದಾಟುವುದಿಲ್ಲ. ಸುಮ್ಮನೆ ಕುಳಿತು ಬೈಕ್ ಓಡಿಸುವವರಿಗೆ ಅದು ಸರಿ. ಬೆಟ್ಟ ಹತ್ತುವ ಮೈ ಬೇರೆ. ಜೋರಾಗಿ ಹತ್ತುವಾಗ ಗಂಟೆಗೆ ಒಂದು ಲೀಟರಿನವರೆಗೂ ಬೆವರು ಬರಬಹುದು. ಆ ಬೆವರಿಗೆ ದಾರಿ ಬೇಕು.

ಚಾರಣದ ಜರ್ಕಿನ್ ಒಳಗೆ ಒಂದು ತೆಳುವಾದ ಪೊರೆ ಇರುತ್ತದೆ. ಗೋರ್-ಟೆಕ್ಸ್ ಹೆಸರು ಕೇಳಿರುತ್ತೀರಿ. 1969ರಲ್ಲಿ ಅಮೆರಿಕದ ಬಾಬ್ ಗೋರ್, ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ಕಾಯಿಸಿ ಸರಕ್ಕನೆ ಎಳೆದಾಗ ಅದು ಹರಿಯದೆ ಹಿಗ್ಗಿ, ತುಂಬಾ ಸೂಕ್ಷ್ಮ ರಂಧ್ರಗಳ ಪೊರೆಯಾಯಿತು. ಆ ರಂಧ್ರ ನೀರಿನ ಹನಿಗಿಂತ ಸಾವಿರಾರು ಪಟ್ಟು ಚಿಕ್ಕದು, ಆದರೆ ಆವಿಯ ಕಣಕ್ಕಿಂತ ನೂರಾರು ಪಟ್ಟು ದೊಡ್ಡದು. ಹಾಗಾಗಿ ಹನಿ ಹೊರಗೇ ನಿಲ್ಲುತ್ತದೆ, ಆವಿ ದಾಟುತ್ತದೆ. ಕಡಿಮೆ ಬೆಲೆಯ ಜರ್ಕಿನ್‌ಗಳಲ್ಲಿ ಹೆಚ್ಚಾಗಿ ಪಾಲಿಯುರೆಥೇನ್, ಅಂದರೆ ಪಿಯು ಪೊರೆ ಅಥವಾ ಲೇಪನ ಇರುತ್ತದೆ. ಇವುಗಳಲ್ಲಿ ಬಹಳಷ್ಟಕ್ಕೆ ರಂಧ್ರವೇ ಇಲ್ಲ. ಒಳಗಿನ ತೇವವನ್ನು ಹೀರಿಕೊಂಡು ನಿಧಾನವಾಗಿ ಹೊರಮೈಗೆ ದಾಟಿಸುತ್ತವೆ.

ಈಗ ಚೀಟಿಯ ಅಂಕಿಗಳು. ಸಾಮಾನ್ಯವಾಗಿ ಎರಡಿರುತ್ತವೆ, ಒಂದು ನೀರು ತಡೆಯುವ ಲೆಕ್ಕ, ಇನ್ನೊಂದು ಆವಿ ಬಿಡುವ ಲೆಕ್ಕ. ಮೊದಲನೆಯದು ಮಿಲಿಮೀಟರ್‌ನಲ್ಲಿರುತ್ತದೆ. ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸಿದರೆ ಎಷ್ಟು ಎತ್ತರದವರೆಗೆ ಸೋರದೆ ತಡೆಯುತ್ತದೆ ಅನ್ನುವ ಲೆಕ್ಕ ಅದು. 10,000 ಅಂದರೆ ಹತ್ತು ಮೀಟರ್ ನೀರು. ಬೀಳುವ ಮಳೆಯ ಒತ್ತಡ ಅದರ ಹತ್ತಿರಕ್ಕೂ ಬರುವುದಿಲ್ಲ. ಬ್ಯಾಗಿನ ಪಟ್ಟಿ ಭುಜಕ್ಕೆ ಒತ್ತುವ ಜಾಗದಲ್ಲಿ, ಒದ್ದೆ ಬಂಡೆ ಮೇಲೆ ಕುಳಿತಾಗ ಮಾತ್ರ ಒತ್ತಡ ಏರುತ್ತದೆ. ಒಂದೆರಡು ದಿನದ ಚಾರಣಕ್ಕೆ 10,000 ಸಾಕು. 20,000ಕ್ಕಾಗಿ ಸುಮ್ನೆ ದುಡ್ಡು ಸುರಿಯಬೇಡಿ.

ಎರಡನೆಯ ಅಂಕಿ ಗ್ರಾಂನಲ್ಲಿರುತ್ತದೆ. ಒಂದು ಚದರ ಮೀಟರ್ ಬಟ್ಟೆ 24 ಗಂಟೆಯಲ್ಲಿ ಎಷ್ಟು ಗ್ರಾಂ ಆವಿ ದಾಟಿಸುತ್ತದೆ ಅಂತ. ಜನ ಮೋಸ ಹೋಗುವುದು ಇಲ್ಲೇ. 10,000 ಗ್ರಾಂ ಅಂದರೆ ಗಂಟೆಗೆ ಸುಮಾರು 415 ಗ್ರಾಂ. ಜರ್ಕಿನ್ನಿಗೆ ಒಂದೂವರೆ ಚದರ ಮೀಟರ್ ಬಟ್ಟೆ ಹಿಡಿದರೆ ಗಂಟೆಗೆ 600 ಗ್ರಾಂ ಚಿಲ್ಲರೆ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಆ ಅಂಕಿ ಹುಟ್ಟಿದ್ದು ಪ್ರಯೋಗಾಲಯದಲ್ಲಿ. ಅಲ್ಲಿ ಬ್ಯಾಗಿಲ್ಲ, ಮಳೆಯಿಲ್ಲ. ಪರೀಕ್ಷೆಯ ವಿಧಾನವೂ ಒಂದೇ ಅಲ್ಲ. ಆದ್ದರಿಂದ ಒಂದು ಕಂಪನಿಯ 10,000ವನ್ನು ಇನ್ನೊಂದು ಕಂಪನಿಯ 10,000ದ ಪಕ್ಕ ಇಟ್ಟು ತೂಗಲು ಬರುವುದಿಲ್ಲ. ಕೆಲವು ಚೀಟಿಗಳಲ್ಲಿ ‘ರೆಟ್’ ಅನ್ನುವ ಅಂಕಿ ಇರುತ್ತದೆ. ಅದು ಬಟ್ಟೆ ಆವಿಯನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೆಯದು. 6ಕ್ಕಿಂತ ಕೆಳಗಿದ್ದರೆ ಬಹಳ ಚೆನ್ನ, 12ರ ಆಸುಪಾಸು ಪರವಾಗಿಲ್ಲ, 20 ದಾಟಿದರೆ ಬೆಟ್ಟ ಹತ್ತಲು ಬೇಡ.

ಇನ್ನೊಂದು ಮಾತನ್ನು ಅಂಗಡಿಯವರು ಹೇಳುವುದಿಲ್ಲ. ಆವಿ ತಾನಾಗೇ ಹೊರಗೆ ಹೋಗುವುದಿಲ್ಲ. ಒಳಗೆ ಬಿಸಿ, ತೇವ ಜಾಸ್ತಿ ಇರಬೇಕು, ಹೊರಗೆ ತಂಪು, ಒಣಗಾಳಿ ಇರಬೇಕು. ಆ ವ್ಯತ್ಯಾಸವೇ ಆವಿಯನ್ನು ತಳ್ಳುವುದು. ಹಿಮ ಬೀಳುವ ದೇಶದಲ್ಲಿ ವ್ಯತ್ಯಾಸ ದೊಡ್ಡದು, ಪೊರೆ ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಕಡೆ ಸೆಪ್ಟೆಂಬರ್ ಮಳೆಯಲ್ಲಿ ಹೊರಗಿನ ಗಾಳಿಯೇ ಬೆಚ್ಚಗೆ, ತೇವ ತುಂಬಿಕೊಂಡು ನಿಂತಿರುತ್ತದೆ. ಎಷ್ಟೇ ದುಬಾರಿ ಪೊರೆಯಾದರೂ ಅರ್ಧ ಕೈಕಟ್ಟಿದ ಹಾಗೆ.

ಹಾಗಾಗಿ ನನ್ನ ಸಲಹೆ ಇದು. ನಮ್ಮ ಮಳೆಗೆ ಪೊರೆಯ ಅಂಕಿಗಿಂತ ಗಾಳಿಯ ದಾರಿ ಮುಖ್ಯ. ಕಂಕುಳ ಕೆಳಗೆ ಉದ್ದದ ಜಿಪ್ ಇರುವ ಜರ್ಕಿನ್ ಹುಡುಕಿ. ಹತ್ತುವಾಗ ಎರಡೂ ಕಡೆ ತೆರೆಯಿರಿ. ಎದುರಿನ ಜಿಪ್ ಎರಡೂ ತುದಿಯಿಂದ ತೆರೆಯುವಂತಿದ್ದರೆ ಇನ್ನೂ ಒಳ್ಳೆಯದು. ನಮ್ಮ ಹಿರಿಯರು ಹೊಲದಲ್ಲಿ ಮಳೆಗೆ ಕಂಬಳಿ ಕೊಪ್ಪೆ ಹಾಕಿ ಕೆಲಸ ಮಾಡುತ್ತಿದ್ದರು. ಮುಂದೆ, ಕೆಳಗೆ ಎಲ್ಲ ತೆರೆದೇ ಇರುತ್ತಿತ್ತು, ಗಾಳಿ ಆಡುತ್ತಿತ್ತು. ಉಣ್ಣೆ ನೆನೆದರೂ ಮೈ ಬೆಚ್ಚಗಿರುತ್ತಿತ್ತು. ಕೆಲಸ ಮಾಡುವ ಮೈಗೆ ಬೇಕಾದದ್ದು ಅದೇ.

ತೂಕದ ವಿಷಯಕ್ಕೆ ಬರೋಣ. ಎರಡು ಪದರದ ಜರ್ಕಿನ್‌ಗೆ ಒಳಗೆ ಬಲೆಯ ಅಸ್ತರಿ ಇರುತ್ತದೆ. ಮೈಗೆ ಹಿತ, ಆದರೆ ಭಾರ, ಒದ್ದೆಯಾದರೆ ಒಣಗುವುದು ತಡ. ಎರಡೂವರೆ ಪದರದ್ದರಲ್ಲಿ ಅಸ್ತರಿಯ ಬದಲು ಒಳಮೈಗೆ ತೆಳು ಲೇಪನ ಮಾತ್ರ. ಅದು ಅತಿ ಹಗುರ, ಸಾಮಾನ್ಯವಾಗಿ 200ರಿಂದ 350 ಗ್ರಾಂ. ಮಡಚಿದರೆ ಮುಷ್ಟಿಯಲ್ಲಿ ಹಿಡಿಯಬಹುದು. ಅದರ ಕೊರತೆ ಒಂದೇ, ಬರಿ ತೋಳಿಗೆ ಅಂಟುತ್ತದೆ. ತೆಳು ತುಂಬುತೋಳಿನ ಟೀ ಶರ್ಟ್ ಹಾಕಿದರೆ ಅದೂ ತಪ್ಪುತ್ತದೆ. ಮೂರು ಪದರದ್ದರಲ್ಲಿ ಅಸ್ತರಿ ಪೊರೆಗೇ ಅಂಟಿರುತ್ತದೆ. ಅದು ಗಟ್ಟಿ, ಬಾಳಿಕೆ ಜಾಸ್ತಿ, ಬೆಲೆಯೂ ಜಾಸ್ತಿ. ವಾರಗಟ್ಟಲೆ ಹಿಮಾಲಯ ಸುತ್ತುವವರು, ದಿನಾ ಭಾರದ ಬ್ಯಾಗ್ ಹೊರುವವರು ಅದನ್ನು ಕೊಳ್ಳಲಿ. ನಿಮಗೆ ಎರಡೂವರೆ ಪದರದ, 10,000 ಮಿಲಿಮೀಟರಿನ, ಕಂಕುಳ ಜಿಪ್ಪಿನ ಜರ್ಕಿನ್ ಸಾಕು.

ಅಂಗಡಿಯಲ್ಲಿ ಹಾಕಿ ನೋಡದೆ ತರಬೇಡಿ. ನಿಮ್ಮ ಚಾರಣದ ಬ್ಯಾಗನ್ನೂ ಒಯ್ಯಿರಿ, ನಾಚಿಕೆ ಬೇಡ. ಬ್ಯಾಗ್ ಏರಿಸಿ ಎರಡೂ ಕೈ ಮೇಲೆತ್ತಿ. ಸೊಂಟ ಕಾಣಿಸಿದರೆ ಆ ಸೈಜ್ ಬೇಡ. ತಲೆಯ ಟೋಪಿ ಹಾಕಿ ಎಡಕ್ಕೆ, ಬಲಕ್ಕೆ ತಿರುಗಿ. ತಲೆಯ ಜೊತೆ ಟೋಪಿಯೂ ತಿರುಗಬೇಕು. ಇಲ್ಲದಿದ್ದರೆ ಬಂಡೆ ಇಳಿಯುವಾಗ ಒಂದು ಕಣ್ಣು ಮುಚ್ಚಿದ ಹಾಗೇ. ಹಣೆಯ ಮೇಲೆ ಗಟ್ಟಿ ಅಂಚು ಇರಲಿ. ಜರ್ಕಿನ್ ಒಳಮೈ ತಿರುಗಿಸಿ ಹೊಲಿಗೆ ನೋಡಿ. ಪ್ರತಿ ಹೊಲಿಗೆಯ ಮೇಲೂ ಟೇಪ್ ಅಂಟಿರಬೇಕು. ಬಟ್ಟೆ ಎಷ್ಟೇ ಒಳ್ಳೆಯದಿದ್ದರೂ ಸೂಜಿಯ ತೂತಿನಿಂದ ನೀರು ಇಳಿಯುತ್ತದೆ. ಕಿಸೆ ಸೊಂಟಪಟ್ಟಿಗಿಂತ ಮೇಲಿರಲಿ. ಬಣ್ಣ ಕಿತ್ತಳೆಯೋ ಹಳದಿಯೋ ಇದ್ದರೆ ಮಂಜಿನಲ್ಲಿ ಹಿಂದಿನವರಿಗೆ ನೀವು ಕಾಣುತ್ತೀರಿ.

ಕುದುರೆಮುಖದ ಮಳೆ ಮಾತ್ರ ಬೇರೆ ಲೆಕ್ಕ. ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ವರ್ಷಕ್ಕೆ ಬೀಳುವುದು ಹೆಚ್ಚುಕಡಿಮೆ 600ರಿಂದ 800 ಮಿಲಿಮೀಟರ್. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಒಂದೆರಡು ಗಂಟೆ ಸುರಿದು ನಿಲ್ಲುವ ಮಳೆ. ಕುದುರೆಮುಖದ ಹಾಗೇ ಘಟ್ಟದಲ್ಲಿರುವ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ. ಘಟ್ಟದಲ್ಲಿ ಜುಲೈ ಅಂದರೆ ದಿನವಿಡೀ ಜಡಿಮಳೆ, ಜೊತೆಗೆ ಬೀಸುಗಾಳಿ. ಆರೇಳು ಗಂಟೆ ಅಂಥ ಮಳೆಯಲ್ಲಿ ನಡೆದರೆ ಯಾವ ಜರ್ಕಿನ್ನೂ ನಿಮ್ಮನ್ನು ಒಣಗಿಸಿ ಇಡುವುದಿಲ್ಲ. ಕುತ್ತಿಗೆ, ಮುಂಗೈ, ಬೆನ್ನು, ಎಲ್ಲಿಂದಾದರೂ ನೀರು ಬರುತ್ತದೆ. ಅಲ್ಲಿ ಜರ್ಕಿನ್ ಕೆಲಸ ಗಾಳಿ ತಡೆದು ಮೈಯ ಬಿಸಿ ಉಳಿಸುವುದು. ಕುದುರೆಮುಖದ ತುದಿಯಲ್ಲಿ, 1,800 ಮೀಟರ್ ಮೇಲೆ, ಒದ್ದೆ ಮೈಗೆ ಗಾಳಿ ಬಡಿದರೆ ನಡುಕ ಹಿಡಿಯಲು ತುಂಬ ಹೊತ್ತು ಬೇಡ.

ಆದ್ದರಿಂದ ಜರ್ಕಿನ್ನಿನಷ್ಟೇ ಗಮನ ಒಳಗಿನ ಬಟ್ಟೆಗೂ ಕೊಡಿ. ಹತ್ತಿ ಬನಿಯನ್, ಜೀನ್ಸ್ ಬೇಡವೇ ಬೇಡ. ಹತ್ತಿ ನೀರು ಕುಡಿದು ಮೈಗೆ ಅಂಟುತ್ತದೆ, ಬಿಸಿ ಎಳೆಯುತ್ತದೆ. ಪಾಲಿಯೆಸ್ಟರ್ ಟೀ ಶರ್ಟ್ ಹಾಕಿ. ಒಂದು ತೆಳು ಫ್ಲೀಸ್ (ಉಣ್ಣೆಯಂತೆ ಬೆಚ್ಚಗಿಡುವ ಸಿಂಥೆಟಿಕ್ ಮೇಲಂಗಿ), ಒಂದು ಜೊತೆ ಒಣ ಬಟ್ಟೆ ಬ್ಯಾಗಿನಲ್ಲಿರಲಿ. ಬ್ಯಾಗಿಗೆ ಹೊರಗಿನ ಕವರ್ ಒಂದನ್ನೇ ನಂಬಬೇಡಿ, ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಅದರಲ್ಲಿ ಬಟ್ಟೆ ಇಟ್ಟು ಬಾಯಿ ತಿರುಚಿ ಕಟ್ಟಿ. ಹೊರಡುವ ಮುಂಚೆ ಅರಣ್ಯ ಇಲಾಖೆಯ ಅನುಮತಿ ಇದೆಯೋ ನೋಡಿಕೊಳ್ಳಿ. ಜೋರು ಮಳೆಯಲ್ಲಿ ಹಾದಿಗಳನ್ನು ಮುಚ್ಚುವುದುಂಟು.

ಮಧುಗಿರಿಯ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅದು ಬೋಳು ಏಕಶಿಲೆ. ಮಳೆ ಬಿದ್ದರೆ ಜಾರುತ್ತದೆ, ಗುಡುಗು ಶುರುವಾದರೆ ಅಡಗಲು ಜಾಗವಿಲ್ಲ. ಒಳ್ಳೆಯ ಜರ್ಕಿನ್ ಇದೆ ಅನ್ನುವ ಧೈರ್ಯದಲ್ಲಿ ಅಲ್ಲಿ ಮುಂದೆ ಹೋಗಬೇಡಿ. ದೂರದಲ್ಲಿ ಗುಡುಗು ಕೇಳಿದ ಕೂಡಲೇ ಇಳಿಯಲು ಶುರು ಮಾಡಿ.

ಪ್ರಶ್ನೆ: ಎರಡು ವರ್ಷದ ಹಿಂದೆ ಒಳ್ಳೆಯ ಬೆಲೆ ಕೊಟ್ಟು ತಂದ ಜರ್ಕಿನ್. ಮೊದಲು ನೀರು ಮುತ್ತಿನ ಹಾಗೆ ಉರುಳಿ ಹೋಗುತ್ತಿತ್ತು. ಈಗ ಬಟ್ಟೆ ನೀರು ಕುಡಿಯುತ್ತದೆ, ಒಳಗೂ ತಣ್ಣಗೆ ಒದ್ದೆ. ಪೊರೆ ಹೋಯಿತೇ? ಬಿಸಾಡಬೇಕೇ? (ಚಿಂತಾಮಣಿಯ ಓದುಗರು)

ಉತ್ತರ: ಬಿಸಾಡಬೇಡಿ. ಪೊರೆ ಹೋಗಿರುವ ಸಂಭವ ಕಡಿಮೆ. ಹೊರಬಟ್ಟೆಗೆ ನೀರು ಅಂಟದ ಹಾಗೆ ಒಂದು ತೆಳು ಲೇಪನ ಇರುತ್ತದೆ. ಬೆವರಿನ ಎಣ್ಣೆ, ಧೂಳು, ಬ್ಯಾಗಿನ ಉಜ್ಜಾಟದಿಂದ ಅದು ಸವೆಯುತ್ತದೆ. ಆಗ ಹೊರಬಟ್ಟೆ ನೆನೆದು ತಣ್ಣಗಾಗುತ್ತದೆ, ಆವಿಯ ದಾರಿ ಮುಚ್ಚುತ್ತದೆ, ನಿಮ್ಮ ಬೆವರೇ ಒಳಗೆ ನೀರಾಗುತ್ತದೆ. ನಿಮಗೆ ಅದು ಸೋರಿದ ಹಾಗೆ ಕಾಣುತ್ತದೆ. ಪರಿಸರಕ್ಕೆ ಹಾನಿ ಅಂತ ಫ್ಲೋರಿನ್ ಇರುವ ಹಳೆಯ ಲೇಪನಗಳನ್ನು ಕಂಪನಿಗಳು ಬಿಡುತ್ತಿವೆ. ಅದು ಒಳ್ಳೆಯ ಕೆಲಸವೇ, ಆದರೆ ಹೊಸ ಲೇಪನಗಳಿಗೆ ಆರೈಕೆ ಸ್ವಲ್ಪ ಬೇಗ ಬೇಗ ಬೇಕಾಗುತ್ತದೆ.

ಎಲ್ಲ ಜಿಪ್ ಹಾಕಿ, ಉಗುರುಬೆಚ್ಚಗಿನ ನೀರಿನಲ್ಲಿ ಸೌಮ್ಯ ದ್ರವ ಸೋಪಿನಿಂದ ತೊಳೆಯಿರಿ. ಸೋಪಿನ ಪುಡಿ, ಬ್ಲೀಚ್, ಬಟ್ಟೆ ಮೃದು ಮಾಡುವ ದ್ರವ ಬೇಡ. ಸೋಪು ಉಳಿಯದಂತೆ ಎರಡು ಮೂರು ಸಲ ಜಾಲಾಡಿ. ಹಿಂಡಬೇಡಿ, ನೆರಳಿನಲ್ಲಿ ತೂಗುಹಾಕಿ. ಒಣಗಿದ ಮೇಲೆ, ಚೀಟಿಯಲ್ಲಿ ಇಸ್ತ್ರಿ ಮಾಡಬಹುದು ಅಂತಿದ್ದರೆ, ಮೇಲೊಂದು ತೆಳು ಬಟ್ಟೆ ಹಾಸಿ ಅತಿ ಕಡಿಮೆ ಬಿಸಿಯಲ್ಲಿ ಇಸ್ತ್ರಿ ಆಡಿಸಿ. ಬಿಸಿಗೆ ಉಳಿದ ಲೇಪನ ಮತ್ತೆ ಎದ್ದು ನಿಲ್ಲುತ್ತದೆ. ನೀರು ಚಿಮುಕಿಸಿ ನೋಡಿ. ಹನಿ ಉರುಳಿದರೆ ಮುಗಿಯಿತು. ಉರುಳದಿದ್ದರೆ ನೀರು ಅಂಟದ ಲೇಪನದ ಸ್ಪ್ರೇ ತಂದು, ತೊಳೆದ ಜರ್ಕಿನ್ನಿಗೆ ಹೊಡೆಯಿರಿ.

ಪ್ರಶ್ನೆ: ಬೆಳಗಿನ ಜಾವ ಸ್ಕಂದಗಿರಿ ಹತ್ತುತ್ತೇವೆ. ಮಳೆ ಇಲ್ಲದಿದ್ದರೂ ಮಂಜಿಗೆ ಅಂಗಿ ತೇವ, ಮೇಲೆ ಹೋದರೆ ಗಾಳಿಗೆ ಚಳಿ. ವಿಂಡ್‌ಚೀಟರ್ ಸಾಕಾ? (ಚಿಕ್ಕಬಳ್ಳಾಪುರ)

ಉತ್ತರ: ಡಿಸೆಂಬರಿನಿಂದ ಫೆಬ್ರವರಿವರೆಗೆ ಸಾಕು. ವಿಂಡ್‌ಚೀಟರ್‌ಗೆ ಪೊರೆ ಇಲ್ಲ, ಹಾಗಾಗಿ ಬೆವರು ಚೆನ್ನಾಗಿ ಹೋಗುತ್ತದೆ. ಹತ್ತುವಾಗ ಅದನ್ನೂ ಬ್ಯಾಗಿನಲ್ಲೇ ಇಡಿ, ಮೇಲೆ ಹೋಗಿ ನಿಂತ ತಕ್ಷಣ ಹಾಕಿಕೊಳ್ಳಿ. ಬೆವರಿದ ಟೀ ಶರ್ಟ್ ಬದಲಿಸಲು ಇನ್ನೊಂದು ಒಯ್ದರೆ ಚಳಿಯೇ ಗೊತ್ತಾಗುವುದಿಲ್ಲ. ಆಗಸ್ಟಿನಿಂದ ನವೆಂಬರ್‌ವರೆಗೆ ಮಾತ್ರ ಮಳೆಯ ಜರ್ಕಿನ್ ಇರಲಿ.

ಪ್ರಶ್ನೆ: ನಮ್ಮ ಅಮ್ಮನಿಗೆ ಅರವತ್ತು ದಾಟಿದೆ. ಕೋಲಾರದ ಅಂತರಗಂಗೆ ಮೆಟ್ಟಿಲು ಹತ್ತುವುದು ಅವರ ಅಭ್ಯಾಸ. ಸೀರೆ ಮೇಲೆ ಜರ್ಕಿನ್ ಬೇಡ, ಕೊಡೆ ಸಾಕು ಅಂತಾರೆ. ತಲೆಯಿಂದ ಇಳಿಬಿಡುವ, ತೋಳಿಲ್ಲದ ಪಾಂಚೋ ತರಲಾ?

ಉತ್ತರ: ಅಮ್ಮ ಹೇಳುವುದರಲ್ಲಿ ಹುರುಳಿದೆ. ಗಾಳಿ ಇಲ್ಲದ ಮಳೆಗೆ ಕೊಡೆಯಷ್ಟು ಗಾಳಿಯಾಡುವ ವಸ್ತು ಬೇರೆ ಇಲ್ಲ. ಆದರೆ ಒದ್ದೆ ಕಲ್ಲಿನ ಮೆಟ್ಟಿಲಲ್ಲಿ ಒಂದು ಕೈ ಆಸರೆಗೆ ಬೇಕು, ಇನ್ನೊಂದರಲ್ಲಿ ಕೊಡೆ ಇದ್ದರೆ ಸೀರೆಯ ನೆರಿಗೆ ಎತ್ತಿ ಹಿಡಿಯಲು ಕೈಯಿಲ್ಲ. ಪಾಂಚೋ ಬೇಡ. ಅದರ ಮುಂದಿನ ಅಂಚು ಇಳಿಯುವಾಗ ಮೆಟ್ಟಿಲನ್ನೇ ಮರೆಮಾಡುತ್ತದೆ. ಸೊಂಟದವರೆಗೆ ಬರುವ, ಸ್ವಲ್ಪ ಸಡಿಲವಾದ ಹಗುರ ಜರ್ಕಿನ್ ಕೊಡಿಸಿ. ಅದಕ್ಕಿಂತ ಮೊದಲು ಅವರ ಚಪ್ಪಲಿ ತಿರುಗಿಸಿ ನೋಡಿ. ಅಟ್ಟೆ ಸವೆದು ನುಣುಪಾಗಿದ್ದರೆ ಮೊದಲ ಖರ್ಚು ಅದಕ್ಕೇ ಆಗಲಿ.

ಪ್ರಶ್ನೆ: ಬೀರುವಿನಲ್ಲಿಟ್ಟ ಜರ್ಕಿನ್ ತೆಗೆದರೆ ಒಳಗಿನ ಲೇಪನ ಹಪ್ಪಳದ ಹಾಗೆ ಎದ್ದು ಉದುರುತ್ತಿದೆ, ಅಂಟಂಟು, ವಾಸನೆ ಬೇರೆ. ರಿಪೇರಿ ಆಗುತ್ತದೆಯೇ? (ಗೌರಿಬಿದನೂರು)

ಉತ್ತರ: ಇಲ್ಲ. ಪಿಯು ಲೇಪನ ತೇವ ಮತ್ತು ಸೆಕೆಗೆ ಕಾಲಕ್ರಮೇಣ ಒಡೆಯುತ್ತದೆ. ಒದ್ದೆ ಇರುವಾಗಲೇ ಮಡಚಿ ಚೀಲಕ್ಕೆ ತುರುಕಿದರೆ ಇನ್ನೂ ಬೇಗ. ಹೊಲಿಗೆಯ ಟೇಪ್ ಮಾತ್ರ ಎದ್ದಿದ್ದರೆ ಸೀಮ್ ಸೀಲರ್ ಅಂಟು ಹಚ್ಚಿ ಉಳಿಸಬಹುದಿತ್ತು. ಲೇಪನವೇ ಎದ್ದ ಮೇಲೆ ಅದು ಮಳೆಗೆ ಬಾರದು. ಬಟ್ಟೆ ಗಟ್ಟಿ ಇದ್ದರೆ ಉದುರುವುದನ್ನೆಲ್ಲ ಉಜ್ಜಿ ತೆಗೆದು ಗಾಳಿಗೆ ಹಾಕುವ ಜರ್ಕಿನ್ ಮಾಡಿಕೊಳ್ಳಿ. ಹೊಸದು ತಂದಾಗ ಚಾರಣದಿಂದ ಬಂದ ದಿನವೇ ಪೂರ್ತಿ ಒಣಗಿಸಿ, ಮಡಚದೆ ಹ್ಯಾಂಗರಿಗೆ ಹಾಕಿ, ಗಾಳಿಯಾಡುವ ಕಡೆ ತೂಗುಬಿಡಿ.