ಶಿಯರ್ ಝೋನಿನ ಜೇಡಿ ಬರೀ ಕಲ್ಲಿನ ಪುಡಿಯಲ್ಲ

ಪ್ರಶ್ನೆ: ಸರ್, ಶಿಯರ್ ಝೋನಿನಲ್ಲಿ, ಅಂದರೆ ನೆಲದೊಳಗೆ ಅಕ್ಕಪಕ್ಕದ ಕಲ್ಲುಗಳು ಒಂದಕ್ಕೊಂದು ಸರಿದ ಪಟ್ಟಿಯಲ್ಲಿ, ಕಲ್ಲು ಉಜ್ಜಿ ಉಜ್ಜಿ ನುಣ್ಣಗಾಗಿ ಜೇಡಿಯಾಗುತ್ತದೆ, ಅಲ್ವಾ?

ಅಲ್ಲ. ಎಷ್ಟು ಸಲ ಕೇಳಿದರೂ ಉತ್ತರ ಇದೇ. ವಿಡಿಯೊಗಳಲ್ಲೂ ಈ ತಪ್ಪನ್ನೇ ಪಾಠವೆಂದು ಹೇಳಿಕೊಡುತ್ತಿದ್ದಾರೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ರಾಗಿ ಬೀಸಿದರೆ ರಾಗಿ ಹಿಟ್ಟೇ ಬರುತ್ತದೆ. ಗ್ರಾನೈಟನ್ನು ಎಷ್ಟು ಅರೆದರೂ ಸಿಗುವುದು ಮುಖ್ಯವಾಗಿ ಕ್ವಾರ್ಟ್ಜ್ ಮತ್ತು ಫೆಲ್ಡ್‌ಸ್ಪಾರ್ ಪುಡಿ. ಜೇಡಿ ಬೇರೆಯದೇ ಖನಿಜ. ಅದು ಹುಟ್ಟಲು ನೀರು ಬೇಕು. ಕಲ್ಲು ನುರಿದಾಗ ನೀರಿಗೆ ದಾರಿ ತೆರೆಯುತ್ತದೆ, ಕಣ ಸಣ್ಣದಾದಷ್ಟೂ ನೀರು ತಾಗುವ ಮೈ ಹೆಚ್ಚುತ್ತದೆ. ಅಷ್ಟೇ ಅದರ ಪಾತ್ರ. ಆಮೇಲಿನದೆಲ್ಲ ರಸಾಯನ. ನೀರು ಫೆಲ್ಡ್‌ಸ್ಪಾರ್‌ನಿಂದ ಪೊಟ್ಯಾಸಿಯಂ, ಸೋಡಿಯಂ, ಒಂದಷ್ಟು ಸಿಲಿಕಾ ಕರಗಿಸಿ ಒಯ್ಯುತ್ತದೆ. ಉಳಿದದ್ದು ನೀರಿನ ಅಂಶ ಸೇರಿಸಿಕೊಂಡು ತೆಳು ಹಾಳೆಗಳಾಗಿ ಜೋಡಿಸಿಕೊಂಡರೆ ಕೆಯೋಲಿನೈಟ್ ಎಂಬ ಜೇಡಿ. ಪೊಟ್ಯಾಸಿಯಂ ಅಲ್ಲೇ ಉಳಿದರೆ ಇಲೈಟ್. ಮೆಗ್ನೀಸಿಯಂ ಜಾಸ್ತಿ ಇರುವ ಕಲ್ಲಾದರೆ ಸೆಪೊನೈಟ್ ಅಥವಾ ಕ್ಲೋರೈಟ್. ಜೇಡಿ ಕಟ್ಟಿದ ಜಾಗ ಮೆದುವಾಗುತ್ತದೆ. ಮುಂದಿನ ಸಲ ಜಾರುವುದೂ ಹೆಚ್ಚಾಗಿ ಅಲ್ಲೇ. ಜಾರಿದಾಗ ಹೊಸ ಬಿರುಕು, ಮತ್ತೆ ನೀರು, ಮತ್ತೆ ಜೇಡಿ.

ಇದು ಊಹೆಯಲ್ಲ. ಕ್ಯಾಲಿಫೋರ್ನಿಯಾದ ಪಾರ್ಕ್‌ಫೀಲ್ಡ್ ಬಳಿ ಸ್ಯಾನ್ ಆಂಡ್ರಿಯಾಸ್ ಸ್ತರಭಂಗವನ್ನೇ (ಕಲ್ಲು ಮುರಿದು ಎರಡೂ ಬದಿ ಜಾರುವ ಬಿರುಕು) ಕೊರೆದು, 2007ರಲ್ಲಿ ಸುಮಾರು 2.7 ಕಿ.ಮೀ. ಆಳದಿಂದ ಕಲ್ಲಿನ ಕೋರ್, ಅಂದರೆ ಕೊಳವೆಯಾಕಾರದ ತುಂಡು, ಎತ್ತಿದರು. ನಿಜವಾಗಿ ಜಾರುತ್ತಿದ್ದ ಪಟ್ಟಿಗಳು ಎರಡೇ. ಅಗಲ 1.6 ಮತ್ತು 2.6 ಮೀಟರ್. ಎರಡರಲ್ಲೂ ಸೆಪೊನೈಟ್ ತುಂಬಿತ್ತು. ಮೆಗ್ನೀಸಿಯಂ ತುಂಬಿದ ಸರ್ಪೆಂಟಿನೈಟ್ ಮತ್ತು ಪಕ್ಕದ ಸಿಲಿಕಾ ಕಲ್ಲಿನ ನಡುವೆ ನೀರು ಓಡಾಡಿ ಅದು ಹುಟ್ಟಿತ್ತು. ಅದರ ಘರ್ಷಣಾಂಕ 0.2ರ ಆಸುಪಾಸು. ಸಾಮಾನ್ಯ ಕಲ್ಲಿನದು 0.6ರಿಂದ 0.85. ಬರೀ ಕಲ್ಲಿನ ಪುಡಿ ಇಷ್ಟು ಸಲೀಸಾಗಿ ಜಾರುವುದಿಲ್ಲ.

ಚಿತ್ರದುರ್ಗ ಶಿಯರ್ ಝೋನಿನ ರಸ್ತೆ ಬದಿಯ ಬಿಳಿ ಜೇಡಿಯ ಫೋಟೊ ಕಳಿಸಿ, "ಇದು 250 ಕೋಟಿ ವರ್ಷದ್ದಾ?" ಎಂದು ಕೇಳುವವರೂ ಇದ್ದಾರೆ. ಆ ಹಳೆಯ ಚಲನೆ ನಡೆದದ್ದು ಬಹಳ ಆಳದಲ್ಲಿ, ಕಲ್ಲು ಮುರಿಯದೆ ಬಾಗಿ ಹರಿಯುವಷ್ಟು ಬಿಸಿಯಲ್ಲಿ. ಆ ಬಿಸಿಗೆ ಇಂಥ ಜೇಡಿ ಉಳಿಯುವುದಿಲ್ಲ, ಅಭ್ರಕದಂಥ ಖನಿಜವಾಗುತ್ತದೆ. ರಸ್ತೆ ಬದಿಯಲ್ಲಿ ಕಾಣುವುದು ಹೆಚ್ಚಾಗಿ ಆಮೇಲೆ ಮಳೆನೀರು ಕಲ್ಲನ್ನು ಕೊಳೆಸಿದ್ದು. ಅಂಥ ಜೇಡಿ ಆಳಕ್ಕೆ ಹೋದಂತೆ ಕಡಿಮೆಯಾಗುತ್ತದೆ. ಸ್ತರಭಂಗದ ಜೇಡಿ ಜಾರಿದ ಮೈಗುಂಟ ಆಳಕ್ಕೂ ಇಳಿಯುತ್ತದೆ, ಮುರಿದರೆ ಹೊಳಪಿನ ಚಕ್ಕೆಗಳು, ಗೀರುಗಳು ಕಾಣುತ್ತವೆ. ಇಷ್ಟಾದರೂ ನಾನು ಫೋಟೊ ನೋಡಿ ಹೆಸರು ಹೇಳುವುದಿಲ್ಲ. 2 ಮೈಕ್ರಾನ್‌ಗಿಂತ ಸಣ್ಣ ಕಣ ಬೇರ್ಪಡಿಸಿ ಎಕ್ಸ್-ರೇ ಡಿಫ್ರ್ಯಾಕ್ಷನ್ (ಎಕ್ಸ್-ರೇಯಿಂದ ಖನಿಜ ಗುರುತಿಸುವ ಪರೀಕ್ಷೆ) ಮಾಡಿಸಿ. ಗ್ಲೈಕಾಲ್ ಎಂಬ ದ್ರವ ಹಾಕಿದಾಗ ಪದರದ ಅಂತರ 17 ಆಂಗ್‌ಸ್ಟ್ರಾಮ್‌ಗೆ ಉಬ್ಬಿದರೆ ಸ್ಮೆಕ್ಟೈಟ್, ಅಂದರೆ ಉಬ್ಬುವ ಜೇಡಿಗಳ ಗುಂಪು, ಇದೆ ಎಂದರ್ಥ. ಸೆಪೊನೈಟ್ ಅದೇ ಗುಂಪಿನದು. ನಾಲಿಗೆಗೆ ಅಂಟಿಸಿ ನೋಡಿ ಹೆಸರಿಡಬೇಡಿ.

ಪ್ರಶ್ನೆ: ಜೇಡಿ ಇರುವ ಕಡೆ ನೆಲ ಮೆತ್ತಗೆ ಜಾರುತ್ತದೆ, ದೊಡ್ಡ ಭೂಕಂಪ ಆಗಲ್ಲ ಅಂತಾರೆ?

ಅದನ್ನು ನಂಬಬೇಡಿ. 2011ರ ಜಪಾನ್ ಮಹಾ ಭೂಕಂಪದಲ್ಲಿ ಸಮುದ್ರದಾಳದ ಜಪಾನ್ ಟ್ರೆಂಚ್ ಬಳಿ ಸುಮಾರು 50 ಮೀಟರ್ ಜಾರಿದ ಸ್ತರಭಂಗದಲ್ಲಿ ತುಂಬಿದ್ದೂ ಸ್ಮೆಕ್ಟೈಟೇ.

ಪ್ರಶ್ನೆ: ಬಿಳಿ ಜೇಡಿ ಪಟ್ಟಿ ಸಿಕ್ಕಿದೆ. ಚಿನ್ನ ಇರಬಹುದಾ?

ಅಸ್ಸೇ ವರದಿ (ಚಿನ್ನ ಎಷ್ಟಿದೆ ಎಂಬ ಲ್ಯಾಬ್ ಪರೀಕ್ಷೆ) ಇಲ್ಲದೆ ಯಾರಿಗೂ ಒಂದು ರೂಪಾಯಿ ಕೊಡಬೇಡಿ.

ಪ್ರಶ್ನೆ: ಬೋರ್ ಕೊರೆಯುವಾಗ ಅಂಟು ಜೇಡಿ ಬಂತು. ತೆಂಗಿನಕಾಯಿ ಹಿಡಿದು ನೋಡಿದವರು ಇನ್ನೂ ಆಳಕ್ಕೆ ಹೋಗಿ ಅನ್ನುತ್ತಿದ್ದಾರೆ.

ಅಂಗೈ ಮೇಲಿನ ಕಾಯಿಗೆ ನೆಲದೊಳಗಿನದು ತಿಳಿಯುವುದಿಲ್ಲ. ಆ ಮಾತಿಗೆ ಸಾಲ ಮಾಡಿದ ರೈತರನ್ನು ನೋಡಿದ್ದೇನೆ, ಸಿಟ್ಟು ಬರುತ್ತದೆ. ಸ್ತರಭಂಗದ ನಡುವಿನ ಜೇಡಿ ನೀರನ್ನು ತಡೆಯುತ್ತದೆ. ನೀರು ಸಿಗುವ ಸಾಧ್ಯತೆ ಅದರ ಅಕ್ಕಪಕ್ಕದ ಬಿರುಕುಗಲ್ಲಿನಲ್ಲಿ. ಜೇಡಿಯೊಳಗೇ ಕೊರೆಯುವುದನ್ನು ನಿಲ್ಲಿಸಿ. ಇನ್ನೊಂದು ಬೋರ್‌ಗೆ ಮೊದಲು ಭೂಜಲ ತಜ್ಞರಿಂದ ರೆಸಿಸ್ಟಿವಿಟಿ ಸರ್ವೆ (ನೆಲಕ್ಕೆ ವಿದ್ಯುತ್ ಹರಿಸಿ ಒಳಗಿನದನ್ನು ಅಂದಾಜಿಸುವ ಪರೀಕ್ಷೆ) ಮಾಡಿಸಿ.